ಪತ್ರಿಕೋದ್ಯಮವೂ ಬೇಕು, ಅಪರಾಧ ನ್ಯಾಯವೂ ಬೇಕು: ಹೇಗೆ ಓದಲಿ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಈ ವರ್ಷ ಬಿ.ಎ. ಮುಗಿಯಿತು. ರಾಜ್ಯಶಾಸ್ತ್ರ, ಪತ್ರಿಕೋದ್ಯಮ ಓದಿದ್ದೇನೆ. ಅಪರಾಧ ಮತ್ತು ಕೋರ್ಟಿನ ವರದಿ ಬರೆಯಬೇಕೆಂಬ ಆಸೆ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮವನ್ನೂ ಕ್ರಿಮಿನಲ್ ಜಸ್ಟೀಸನ್ನೂ ಒಂದೇ ಪದವಿಯಲ್ಲಿ ಜೋಡಿಸಿ ಕಲಿಸುತ್ತಾರೆಂದು ಓದಿದೆ. ನಮ್ಮ ಕಲಬುರಗಿ ಕಡೆ ಹಾಗೆ ಓದಲು ಆಗುತ್ತದೆಯೇ? ಅಪ್ಪ ಮಾತ್ರ, 'ಎಲ್‌ಎಲ್‌ಬಿ ಮಾಡು, ಇಲ್ಲಾ ಪಿಎಸ್‌ಐ ಪರೀಕ್ಷೆ ಬರಿ. ಹೆಣ್ಣುಮಗಳು ಪೇಪರಿನ ಕೆಲಸ ಅಂತ ಠಾಣೆ, ಕೋರ್ಟು ತಿರುಗೋದು ಬ್ಯಾಡ' ಅನ್ನುತ್ತಾರೆ. ಯಾವುದನ್ನು ಮೊದಲು ಓದಲಿ?

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಖುಷಿಯಾಯಿತು. ಪತ್ರಿಕೋದ್ಯಮ ಓದುವ ಮಕ್ಕಳಲ್ಲಿ ಹೆಚ್ಚಿನವರು ಕ್ಯಾಮೆರಾ ಮುಂದೆ ನಿಲ್ಲುವುದು ಹೇಗೆ ಎಂದು ಕೇಳುತ್ತಾರೆ. ಕೋರ್ಟಿನ ಬೆಂಚಿನ ಮೇಲೆ ಕೂತು ಬರೆಯುವುದು ಹೇಗೆ ಎಂದು ಕೇಳುವವರು ಅಪರೂಪ. ಹಾಗಾಗಿ ಉತ್ತರ ಸ್ವಲ್ಪ ಉದ್ದವೇ ಆಗಲಿದೆ.

ಎರಡೂ ಹೆಸರು ಒಟ್ಟಿಗೆ ಅಚ್ಚಾದ ಒಂದೇ ಪದವಿಯನ್ನು ಹುಡುಕುತ್ತಾ ವರ್ಷ ಕಳೆಯಬೇಡಿ. ಎರಡನ್ನೂ ನೀವೇ ಜೋಡಿಸಿಕೊಳ್ಳಬಹುದು, ಅದಕ್ಕೆ ದಾರಿ ಇದೆ. ಆದರೆ ದಾರಿ ಹೇಳುವ ಮೊದಲು, ಈ ಎರಡು ವಿದ್ಯೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಹೇಳಬೇಕು. ಅದು ತಿಳಿಯದೆ ಪ್ರಮಾಣಪತ್ರ ಎರಡಾದರೂ ಕೈಗೆ ಬರುವ ಕೆಲಸ ಒಂದೂ ಇರುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿದ ಹೊಸತು. ಬೈಕ್ ಕಳವಿನ ಪ್ರಕರಣದಲ್ಲಿ ಐವರನ್ನು ಹಿಡಿದಿದ್ದರು. ಠಾಣೆಯ ಅಂಗಳದಲ್ಲಿ ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಆ ಹುಡುಗರನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಪ್ರೆಸ್‌ನೋಟಿನಲ್ಲಿ 'ಆರೋಪಿಗಳು ತಪ್ಪೊಪ್ಪಿಕೊಂಡಿದ್ದಾರೆ' ಎಂದಿತ್ತು. ನಾನು ಹೆಸರು, ತಂದೆಯ ಹೆಸರು, ಊರು ಎಲ್ಲ ಹಾಕಿ ಬರೆದೆ. ಮರುದಿನ ಫೋಟೊ ಸಮೇತ ಬಂತು. ಆರು ವರ್ಷದ ನಂತರ ಒಬ್ಬ ಮುದುಕ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕು ಮಡಿಕೆ ಮಾಡಿದ ತೀರ್ಪಿನ ದೃಢೀಕೃತ ನಕಲು. ಅವನ ಮಗ ಆ ಐವರಲ್ಲಿ ಒಬ್ಬ. ಖುಲಾಸೆ ಆಗಿತ್ತು. 'ಸಾಹೇಬ್ರ, ಅವತ್ತ ಹೆಸರ ಹಾಕಿದ್ರಿ. ಇವತ್ತ ಇದನ್ನೂ ಹಾಕ್ರಿ. ಮದಿವಿ ನಿಂತದ' ಅಂದ. ನಾನು ಬರೆದುಕೊಟ್ಟೆ. ಹಳೇ ಸುದ್ದಿ ಎಂದು ಡೆಸ್ಕಿನವರು ತೆಗೆದಿಟ್ಟರು. ಆ ಸುದ್ದಿ ಕೊನೆಗೂ ಅಚ್ಚಾಗಲಿಲ್ಲ.

ಆ ತೀರ್ಪನ್ನು ಅಂದು ರಾತ್ರಿ ಕೂತು ಓದಿದೆ. ಬೈಕ್ ಜಪ್ತಿ ಮಾಡಿದಾಗ ಹಾಜರಿದ್ದೆವು ಎಂದು ಪಂಚನಾಮೆಗೆ ಸಹಿ ಹಾಕಿದ್ದ ಇಬ್ಬರು ಪಂಚರೂ ಪಾಟೀಸವಾಲಿನಲ್ಲಿ, ತಾವು ಆ ಜಾಗಕ್ಕೆ ಹೋಗಿರಲೇ ಇಲ್ಲ, ಠಾಣೆಯಲ್ಲಿ ಕರೆದು ಸಹಿ ಮಾಡಿಸಿಕೊಂಡರು ಎಂದಿದ್ದರು. ಇನ್ನು ಪೊಲೀಸರ ಮುಂದೆ ಮಾಡಿದ 'ತಪ್ಪೊಪ್ಪಿಗೆ'ಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯಕ್ಕೆ ಬರುತ್ತದೆ. ಇಷ್ಟು ನನಗೆ ಮೊದಲ ದಿನವೇ ಗೊತ್ತಿದ್ದರೆ, ಠಾಣೆಯಲ್ಲಿ 'ಪಂಚರು ಯಾರು, ಎಲ್ಲಿಯವರು' ಎಂದು ಒಂದು ಪ್ರಶ್ನೆ ಕೇಳುತ್ತಿದ್ದೆ. 'ತಪ್ಪೊಪ್ಪಿಕೊಂಡಿದ್ದಾರೆ' ಎಂಬ ವಾಕ್ಯವನ್ನು ಬರೆಯುತ್ತಲೇ ಇರಲಿಲ್ಲ.

ಎರಡು ವಿದ್ಯೆ ಕೂಡುವುದು ಇಲ್ಲೇ. ಎಫ್‌ಐಆರ್‌ನಿಂದ ತೀರ್ಪಿನವರೆಗೆ ಒಂದು ಪ್ರಕರಣದ ಕಾಗದವನ್ನು ಓದಲು ಬರಬೇಕು, ಅದರ ಕೊನೆ ಮುಟ್ಟುವ ತನಕ ಬೆನ್ನು ಬಿಡಬಾರದು, ಗೊತ್ತಾದದ್ದನ್ನು ಓಣಿಯ ಮಂದಿಗೆ ತಿಳಿಯುವಂತೆ ಬರೆಯಬೇಕು. ನಮ್ಮ ಭಾಗದಲ್ಲಿ ಬಂಧನದ ಸುದ್ದಿ ಬರೆಯಲು ಬೇಕಾದಷ್ಟು ಜನ ಇದ್ದಾರೆ. ಕೊನೆಯವರೆಗೆ ಹೋಗುವವರಿಲ್ಲ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮ ನೆನಪಿರಬೇಕು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಮೊದಲ ಪ್ರಕರಣ, 2024ರ ಜನವರಿಯಲ್ಲಿ ಮರುಪರೀಕ್ಷೆ. ಆಗ ದಿನಕ್ಕೊಂದು ಬಂಧನದ ಸುದ್ದಿ ಓದಿದೆವು. ಇವತ್ತು ನಿಮ್ಮ ಓಣಿಯಲ್ಲಿ ಹತ್ತು ಜನರನ್ನು ನಿಲ್ಲಿಸಿ, ಆ ಪ್ರಕರಣ ಈಗ ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿದೆ ಎಂದು ಕೇಳಿ ನೋಡಿ. ಆ ಪರೀಕ್ಷೆ ಬರೆದ ಹುಡುಗರಿಗೂ ಪೂರ್ತಿ ಗೊತ್ತಿರುವುದಿಲ್ಲ. ಆ ಜಾಗದಲ್ಲಿ ನಿಮ್ಮಂಥವರು ಬೇಕು.

ಕಾಗದ ಓದುವುದು ಎಂದರೆ ಏನು ಎಂಬುದಕ್ಕೆ ಒಂದು ಎಫ್‌ಐಆರ್ ತೆಗೆದುಕೊಳ್ಳೋಣ. ನಮ್ಮಲ್ಲಿ ಅನೇಕರು ಕೊನೆಯ ಪುಟದ ಫಿರ್ಯಾದಿಯ ಹೇಳಿಕೆಯನ್ನಷ್ಟೇ ಓದಿ ಸುದ್ದಿ ಮಾಡುತ್ತಾರೆ. ಮೇಲಿನ ಕಾಲಂಗಳನ್ನು ಯಾರೂ ನೋಡುವುದಿಲ್ಲ. ಅಲ್ಲಿ ಘಟನೆ ನಡೆದ ದಿನ, ವೇಳೆ ಇರುತ್ತದೆ. ಠಾಣೆಗೆ ಮಾಹಿತಿ ಬಂದ ವೇಳೆ ಬೇರೆ ಇರುತ್ತದೆ. ಠಾಣೆಯಿಂದ ಘಟನಾ ಸ್ಥಳ ಯಾವ ದಿಕ್ಕಿಗೆ, ಎಷ್ಟು ದೂರ ಎಂದಿರುತ್ತದೆ. ತಡವಾಗಿದ್ದರೆ ಅದಕ್ಕೆ ಕಾರಣ ಬರೆಯಲು ಒಂದು ಕಾಲಂ. ಕಟ್ಟಕಡೆಗೆ, ಈ ಎಫ್‌ಐಆರ್ ಕೋರ್ಟಿಗೆ ಹೊರಟ ದಿನ, ವೇಳೆ. ಈಗ ಹೀಗಿದೆ ಅಂದುಕೊಳ್ಳಿ: ಹೊಡೆದಾಟ ಮಂಗಳವಾರ ರಾತ್ರಿ 8 ಗಂಟೆಗೆ, ಠಾಣೆಗೆ ಬಂದದ್ದು ಬುಧವಾರ ಬೆಳಿಗ್ಗೆ 11.30ಕ್ಕೆ, ದೂರ 6 ಕಿಲೋಮೀಟರ್, ವಿಳಂಬದ ಕಾರಣದ ಕಾಲಂನಲ್ಲಿ 'ಇಲ್ಲ', ಕೋರ್ಟಿಗೆ ಹೊರಟದ್ದು ಗುರುವಾರ ಸಂಜೆ. ಆರು ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಏಕೆ ಹಿಡಿಯಿತು? ಗಾಯಾಳುವನ್ನು ಮೊದಲು ಜಿಲ್ಲಾಸ್ಪತ್ರೆಗೆ ಒಯ್ದಿರಬಹುದು. ಊರ ಹಿರಿಯರು ಕೂತು 'ಠಾಣೆಗೆ ಬ್ಯಾಡ, ಇಲ್ಲೇ ಬಗೆಹರಿಸೋಣು' ಅಂದಿರಬಹುದು. ಹೆಸರುಗಳು ರಾತ್ರೋರಾತ್ರಿ ಹೆಚ್ಚಾಗಿರಲೂಬಹುದು. ಮೂರರಲ್ಲಿ ಯಾವುದು ಎಂದು ಕಾಗದ ಹೇಳುವುದಿಲ್ಲ, ಎಲ್ಲಿಗೆ ಹೋಗಿ ಕೇಳಬೇಕು ಎಂದಷ್ಟೇ ತೋರಿಸುತ್ತದೆ. ಕೇಳಿ ಬರುವುದು ಪತ್ರಿಕೋದ್ಯಮ. ಎರಡು ವರ್ಷದ ಮೇಲೆ ಆರೋಪಿಯ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದೂ ಇದೇ ಕಾಲಂಗಳನ್ನು.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮದು ಕನ್ನಡ, ದಖನಿ ಉರ್ದು, ಲಂಬಾಣಿ, ಬೀದರ ಕಡೆಗೆ ಮರಾಠಿ, ಯಾದಗಿರಿ ಗಡಿಗೆ ತೆಲುಗು ಬೆರೆತ ಸೀಮೆ. ಒಬ್ಬ ತಾಯಿ ಆಸ್ಪತ್ರೆಯ ವರಾಂಡದಲ್ಲಿ 'ನನ್ನ ಮಗನ್ನ ಹೊಡದಾರ್ರಿ' ಅಂದರೆ ಒಂದು ಅರ್ಥ, 'ಹೊಡದ ಹಾಕ್ಯಾರ್ರಿ' ಅಂದರೆ ಇನ್ನೊಂದು. ಮೊದಲನೆಯದು ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಮಿನ ಹಲ್ಲೆ, ಎರಡನೆಯದು 103ನೇ ಕಲಮಿನ ಕೊಲೆ. ದಖನಿಯಲ್ಲಿ 'ಮಾರಾ' ಅಂದರೆ ಹೊಡೆದ. ಕನ್ನಡದ ಕಿವಿಗೆ ಅದು ಮಾರಾಟದಂತೆ ಕೇಳುತ್ತದೆ. ತಾಂಡಾದ ಹೆಣ್ಣುಮಗಳು ಲಂಬಾಣಿಯಲ್ಲಿ ಹೇಳಿದ್ದನ್ನು ಹವಾಲ್ದಾರರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ, ಅದೇ ಹೇಳಿಕೆ ಮುಂದೆ ಹೈಕೋರ್ಟಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಮೂರು ಭಾಷೆ ದಾಟುವಾಗ ಒಂದು ಪ್ರತ್ಯಯ ಬಿದ್ದುಹೋದರೂ ಒಬ್ಬರ ಬದುಕೇ ತಿರುಗಬಹುದು. ಶಹಾಪುರದಲ್ಲಿ ಬೆಳೆದ ನಿಮಗೆ ಇದು ಕಿವಿಯಲ್ಲೇ ಇದೆ. ದೊಡ್ಡ ನಗರದಿಂದ ಬಂದ ವರದಿಗಾರರಿಗೆ ಅದು ಇರುವುದಿಲ್ಲ. ಇದು ನಿಮ್ಮ ದೊಡ್ಡ ಬಂಡವಾಳ, ಕಡಿಮೆ ಅಂದುಕೊಳ್ಳಬೇಡಿ.

ಈಗ ಓದಿನ ದಾರಿಗೆ ಬರೋಣ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ಏಪ್ರಿಲ್‌ನಲ್ಲಿ ನಿಯಮ ಸಡಿಲಿಸಿ, ಒಬ್ಬ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಕೋರ್ಸ್ ಮಾಡಬಹುದು ಎಂದಿತು. ಎರಡೂ ರೆಗ್ಯುಲರ್ ಆದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಆದರೆ ತೊಂದರೆ ಕಡಿಮೆ. ಪಿಎಚ್‌ಡಿಗೆ ಈ ಸವಲತ್ತು ಇಲ್ಲ. ಆದರೆ ಕಾನೂನು ಪದವಿಯ ಲೆಕ್ಕ ಬೇರೆ. ಅದು ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಿಗೆ ಒಳಪಟ್ಟಿದೆ. ಎಲ್‌ಎಲ್‌ಬಿ ಓದುವಾಗ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವಂತಿಲ್ಲ. ಎಲ್‌ಎಲ್‌ಬಿಯನ್ನು ದೂರಶಿಕ್ಷಣದಲ್ಲಿ ಮಾಡಿ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆಯುವಂತೆಯೂ ಇಲ್ಲ. 'ಹಾಜರಾತಿ ನಾವು ನೋಡ್ಕೋತೀವಿ, ಎರಡೂ ಮಾಡ್ರಿ' ಎಂದು ಯಾರಾದರೂ ಹೇಳಿದರೆ ಆ ಮೆಟ್ಟಿಲು ಇಳಿದು ಬನ್ನಿ. ನಾಳೆ ಸನ್ನದು ನೋಂದಾಯಿಸುವಾಗ ಅಡ್ಡಿಯಾಗುವುದು ನಿಮಗೆ, ಅವರಿಗಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ಎರಡು ವರ್ಷ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. 1980ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು, ಜ್ಞಾನಗಂಗಾ ಆವರಣ ನೀವು ನೋಡಿರಬಹುದು. ಅದರ ಜೊತೆಗೇ ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಿಂದ (ಇಗ್ನೋ) ಕ್ರಿಮಿನಲ್ ಜಸ್ಟೀಸ್ ವಿಷಯದ ಸ್ನಾತಕೋತ್ತರ ಡಿಪ್ಲೊಮಾ ಮಾಡಬಹುದು. ಪದವಿ ಮುಗಿಸಿದವರಿಗೆ ಅವಕಾಶ ಇದೆ. ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿಕೊಂಡು ಅರ್ಜಿ ಹಾಕಿ. ಇದಾದ ಮೇಲೂ ಕಾನೂನಿನ ಹಸಿವು ಉಳಿದಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ. ಕಲಬುರಗಿಯಲ್ಲೇ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು ಇದೆ. ಪರೀಕ್ಷೆ, ಪದವಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಇರಬೇಕು.

ಪತ್ರಿಕೋದ್ಯಮ ಮೊದಲು ಏಕೆ ಅಂದರೆ, ಪ್ರಶ್ನೆ ಹೊತ್ತುಕೊಂಡು ಕಾನೂನು ತರಗತಿಗೆ ಹೋದವರಿಗೆ ಕಾನೂನು ಬೇಗ ಹತ್ತುತ್ತದೆ. ಠಾಣೆಯಲ್ಲಿ ಒಂದು ಸಲ 'ಬಿ ರಿಪೋರ್ಟ್ ಹಾಕೇವಿ' (ದೋಷಾರೋಪಣೆ ಇಲ್ಲದೆ ಪ್ರಕರಣ ಮುಗಿಸಿದ್ದೇವೆ) ಅನ್ನುವ ಮಾತು ಕೇಳಿ ತಲೆ ಕೆಡಿಸಿಕೊಂಡವರಿಗೆ, ತನಿಖೆ ಮುಗಿಸುವ ವರದಿಯ ಪಾಠ ನಿದ್ದೆ ಬರಿಸುವುದಿಲ್ಲ. ಅರವತ್ತು ಅಥವಾ ತೊಂಬತ್ತು ದಿನದೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದರೆ ಮರೆಯುತ್ತೀರಿ. ಊರ ಮಂದಿ 'ದುಡ್ಡು ತಿಂದು ಬಿಟ್ಟಾರ' ಎಂದು ಸಿಟ್ಟಾಗಿದ್ದ ದಿನ ಆ ನಿಯಮವನ್ನು ಹುಡುಕಿ ತೆಗೆದು ಬರೆದರೆ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಕವಲಿದೆ. ನಿಮ್ಮ ಮನಸ್ಸು ಅಪರಾಧ ಏಕೆ ಆಗುತ್ತದೆ, ಸೆರೆಮನೆ ಮನುಷ್ಯನನ್ನು ಏನು ಮಾಡುತ್ತದೆ, ರಕ್ತದ ಕಲೆ ಏನು ಹೇಳುತ್ತದೆ ಎಂಬ ಕಡೆಗೆ ಎಳೆಯುತ್ತಿದ್ದರೆ, ಬೇಕಾದದ್ದು ಎಲ್‌ಎಲ್‌ಬಿ ಅಲ್ಲ, ಅಪರಾಧಶಾಸ್ತ್ರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಭಾಗವೇ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರವೂ ಧಾರವಾಡದಲ್ಲಿದೆ. ಆದರೆ ನಿಮ್ಮ ಪತ್ರ ಓದಿದರೆ ನಿಮ್ಮ ಒಲವು ಕೋರ್ಟಿನ ಕಡೆಗಿದೆ ಅನ್ನಿಸುತ್ತದೆ.

ಒಂದು ಎಚ್ಚರಿಕೆಯ ಮಾತು. ಎರಡೂ ಓದಬಹುದು, ಎರಡನ್ನೂ ಏಕಕಾಲಕ್ಕೆ ಪೂರ್ಣಾವಧಿ ಕಸುಬು ಮಾಡಲಾಗದು. ಸನ್ನದು ಚಾಲ್ತಿಯಲ್ಲಿಟ್ಟುಕೊಂಡ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ವಕೀಲಿಕೆ ಮಾಡುತ್ತಲೇ ಪತ್ರಕರ್ತರಾಗಿಯೂ ಇದ್ದವರೊಬ್ಬರ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಪ್ರಶ್ನಿಸಿತು. ಕಾನೂನು ಪದವಿ ಇರಲಿ, ವರದಿಗಾರ್ತಿಯಾಗಿರುವಷ್ಟು ಕಾಲ ಸನ್ನದು ಪಕ್ಕಕ್ಕಿರಲಿ.

ತರಗತಿಯ ಹೊರಗೆ ಕಲಿಯುವುದು ಹೆಚ್ಚು. ಎಂ.ಎ. ಕೊನೆಯ ವರ್ಷ ಕಿರುಪ್ರಬಂಧ ಬರೆಯಲು ಹೇಳಿದರೆ 'ಮಾಧ್ಯಮ ಮತ್ತು ಸಮಾಜ' ಎಂಬಂಥ ವಿಷಯ ತೆಗೆದುಕೊಳ್ಳಬೇಡಿ. ಒಂದೇ ಒಂದು ಠಾಣೆ ಆರಿಸಿಕೊಳ್ಳಿ, ನಿಮ್ಮೂರಿನದೇ ಆಗಲಿ. ಐದಾರು ವರ್ಷದ ಹಿಂದಿನ ಐವತ್ತು ಎಫ್‌ಐಆರ್ ಸಂಖ್ಯೆ ಗುರುತು ಮಾಡಿ. ಎಫ್‌ಐಆರ್‌ಗಳನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಆಮೇಲೆ ಇ-ಕೋರ್ಟ್ಸ್ ತಾಣಕ್ಕೆ ಹೋಗಿ, ಜಿಲ್ಲೆ ಆರಿಸಿ, ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ ಕೊಟ್ಟರೆ ಪ್ರಕರಣ ಸಿಗುತ್ತದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಂಡರೆ ಮುಂದಿನ ಪ್ರತಿ ಮುದ್ದತೂ ಮೊಬೈಲಿನಲ್ಲೇ ಗೊತ್ತಾಗುತ್ತದೆ. ಐವತ್ತರಲ್ಲಿ ಎಷ್ಟು ಶಿಕ್ಷೆ, ಎಷ್ಟು ಖುಲಾಸೆ, ಎಷ್ಟು ಬಿ ರಿಪೋರ್ಟ್, ಎಷ್ಟರಲ್ಲಿ ಸಾಕ್ಷಿ ಉಲ್ಟಾ ಹೊಡೆದರು, ಎಷ್ಟು ಇನ್ನೂ ನಡೆದಿವೆ ಎಂದು ಒಂದು ದೊಡ್ಡ ಹಾಳೆಯ ಮೇಲೆ ಬರೆಯಿರಿ. ನಂತರ ಅವುಗಳಲ್ಲಿ ಐದು ಮನೆಗಳಿಗೆ ಹೋಗಿ ಬನ್ನಿ. ಈ ಒಂದು ಕೆಲಸ ಎರಡೂ ವಿದ್ಯೆಯನ್ನು ಕಲಿಸುತ್ತದೆ, ನೌಕರಿ ಕೇಳಲು ಹೋದಾಗ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಇದರ ಜೊತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕಿಯಾಗಲು ಅರ್ಜಿ ಹಾಕಿ. ತರಬೇತಿ ಅವರೇ ಕೊಡುತ್ತಾರೆ. ಠಾಣೆಯ ಒಳಗೆ, ಜೈಲಿನ ಒಳಗೆ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕಾಣುವ ಗೌರವದ ದಾರಿ ಅದು. ಆದರೆ ಅಲ್ಲಿ ನಂಬಿ ಹೇಳಿದ ಮಾತನ್ನು ಸುದ್ದಿಗೆ ಬಳಸಬಾರದು. ಸ್ವಯಂಸೇವಕಿಯಾಗಿ ಹೋದ ದಿನ ನೀವು ವರದಿಗಾರ್ತಿ ಅಲ್ಲ.

ಕಾನೂನಿನ ಪುಸ್ತಕ ಕೊಳ್ಳುವಾಗ ಹಳೆಯದು ತರಬೇಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 511 ಕಲಂ ಇದ್ದದ್ದು 358 ಆಗಿದೆ. ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಆದರೆ ಅದಕ್ಕೂ ಹಿಂದೆ ನಡೆದ ಅಪರಾಧಗಳಿಗೆ ಹಳೆಯ ಕಲಮುಗಳೇ ಅನ್ವಯಿಸುವುದರಿಂದ, ಇನ್ನೂ ಹಲವು ವರ್ಷ ಕೊಲೆಯ ಹಳೆಯ ಕಲಂ 302 ಮತ್ತು ಹೊಸ ಕಲಂ 103 ಎರಡೂ ಒಂದೇ ಕೋರ್ಟಿನಲ್ಲಿ ಒಂದೇ ದಿನ ಕಿವಿಗೆ ಬೀಳುತ್ತವೆ. ಎರಡೂ ಪಟ್ಟಿ ಕೈಯಲ್ಲಿರಲಿ.

ಇನ್ನು ಕೆಲವನ್ನು ಸುದ್ದಿ ಬರೆಯುವ ಮೊದಲ ದಿನದಿಂದಲೇ ಪಾಲಿಸಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇವೆ. ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳುವವರು ಬಹಳ. ಪೇಟೆಯಲ್ಲಿ ಅದು ಸಾಕಾಗಬಹುದು. ಮುನ್ನೂರು ಮನೆಯ ಊರಿನಲ್ಲಿ 'ಅಂಗನವಾಡಿ ಸಹಾಯಕಿಯ ಎರಡನೇ ಮಗಳು' ಎಂದರೆ ಹೆಸರು ಹೇಳಿದಂತೆಯೇ. ಹಾಗಾಗಿ ಊರು ಬಿಡಿ, ತಂದೆ-ತಾಯಿಯ ಕೆಲಸ ಬಿಡಿ, ಶಾಲೆ ಬಿಡಿ, ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರನ್ನೂ ಬಿಡಿ. ಸತ್ತ ಸಂತ್ರಸ್ತೆಯ ಹೆಸರನ್ನೂ ಹಾಕಬಾರದೆಂದು 2018ರ ನಿಪುಣ್ ಸಕ್ಸೇನಾ ತೀರ್ಪು ಹೇಳಿದೆ.

ಆರೋಪಿಯ ಜಾತಿ, ತಾಂಡಾ ಬರೆಯುವ ರೂಢಿಯೂ ನಮ್ಮಲ್ಲಿ ಹೋಗಿಲ್ಲ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಬರೆದಿಟ್ಟರು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಗುಮಾನಿ ಮಾತ್ರ ಉಳಿಯಿತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ರಾಜ್ಯಗಳ ಜೈಲು ಕೈಪಿಡಿಗಳನ್ನು ಓದಿ ಬಯಲಿಗೆ ತಂದರು, ತಾವೇ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳು ಸಂವಿಧಾನಬಾಹಿರ ಎಂದು ತೀರ್ಪು ಬಂತು. ಯಾರೂ ಮುಟ್ಟದ ಕೈಪಿಡಿಯನ್ನು ಕೂತು ಓದಿದ್ದರಿಂದ ಅದು ಸಾಧ್ಯವಾಯಿತು.

ನಿಮ್ಮ ತಂದೆಯವರ ಮಾತಿಗೂ ಇಲ್ಲೇ ಉತ್ತರ ಇದೆ. ಶೀಲಾ ಬರ್ಸೆ ಎಂಬ ಪತ್ರಕರ್ತೆ ಮುಂಬೈ ಸೆಂಟ್ರಲ್ ಜೈಲಿನಲ್ಲಿ ಹದಿನೈದು ಮಹಿಳಾ ಕೈದಿಗಳನ್ನು ಮಾತಾಡಿಸಿದರು. ಐವರು, ಲಾಕಪ್ಪಿನಲ್ಲಿ ಪೊಲೀಸರು ಹೊಡೆದರು ಎಂದರು. ಶೀಲಾ ಅದನ್ನು ಪತ್ರದಲ್ಲಿ ಬರೆದು ಸುಪ್ರೀಂ ಕೋರ್ಟಿಗೆ ಕಳಿಸಿದರು, ಅದೇ ಅರ್ಜಿಯಾಯಿತು. 1983ರ ತೀರ್ಪಿನಲ್ಲಿ ಮಹಿಳೆಯರಿಗೆ ಬೇರೆ ಲಾಕಪ್, ಅಲ್ಲಿ ಮಹಿಳಾ ಕಾನ್‌ಸ್ಟೆಬಲ್ ಕಾವಲು, ವಿಚಾರಣೆ ವೇಳೆ ಮಹಿಳಾ ಸಿಬ್ಬಂದಿ ಎಂದು ಕೋರ್ಟ್ ನಿರ್ದೇಶನ ಕೊಟ್ಟಿತು. ಆ ಐವರು ಹೆಣ್ಣುಮಕ್ಕಳು ಗಂಡಸು ವರದಿಗಾರನ ಮುಂದೆ ಅಷ್ಟು ಬಾಯಿ ಬಿಡುತ್ತಿದ್ದರು ಎಂದು ನನಗನ್ನಿಸುವುದಿಲ್ಲ. ಠಾಣೆಗೆ ಹೆಣ್ಣುಮಗಳು ವರದಿಗಾರ್ತಿಯಾಗಿ ಹೋಗಬೇಕಾದ ಕಾರಣ ಅದೇ. ಸುರಕ್ಷತೆಯ ಚಿಂತೆ ತಂದೆಯದು, ಅದನ್ನು ಹಗುರ ಮಾಡಬೇಡಿ. ರಾತ್ರಿ ಘಟನಾ ಸ್ಥಳಕ್ಕೆ ಒಬ್ಬರೇ ಹೋಗದಿರುವುದು, ಎಲ್ಲಿದ್ದೀರೆಂದು ಮನೆಗೂ ಕಚೇರಿಗೂ ತಿಳಿಸುವುದು, ಇವನ್ನು ಮೊದಲೇ ಅವರ ಜೊತೆ ಕೂತು ಮಾತಾಡಿಕೊಳ್ಳಿ.

ಇಂಥ ಇನ್ನೊಂದು ಕತೆ 1979ರದು. ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಬಗ್ಗೆ ಆ ವರ್ಷ ಜನವರಿ 8 ಮತ್ತು 9ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಲೇಖನ ಬಂತು. ಬರೆದವರು ಕೆ.ಎಫ್. ರುಸ್ತಮ್‌ಜಿ, ಸ್ವತಃ ಪೊಲೀಸ್ ಅಧಿಕಾರಿಯಾಗಿದ್ದವರು. ವಕೀಲೆ ಕಪಿಲಾ ಹಿಂಗೊರಾನಿ ಅದನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದು ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಕೋರ್ಟ್ ಹೇಳಿತು. ಆ ಸಮಸ್ಯೆ ಇಂದಿಗೂ ಮುಗಿದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಕಲಬುರಗಿ ಕೇಂದ್ರ ಕಾರಾಗೃಹದ ಗೋಡೆಯಾಚೆಗೂ ಅಂಥವರಿದ್ದಾರೆ. ಅವರ ಬಗ್ಗೆ ಬರೆಯಲು ದೆಹಲಿಯಿಂದ ಯಾರೂ ಬರುವುದಿಲ್ಲ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಜಿಲ್ಲಾ ಮಟ್ಟದ ವರದಿಗಾರಿಕೆಯಲ್ಲಿ ಮೊದಲ ವರ್ಷಗಳು ಕಷ್ಟದವು. ಬಿಡಿ ಸುದ್ದಿಗೆ ಇಷ್ಟು ಎಂದು ದುಡಿಯುವವರೇ ಹೆಚ್ಚು. ಆದರೆ ಕೋರ್ಟ್ ಕಾಗದ ಓದಬಲ್ಲ ವರದಿಗಾರರು ಕಡಿಮೆ ಇರುವುದರಿಂದ ಅವರಿಗೆ ಬೇಡಿಕೆ ಇದೆ. ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ, 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಬೀದರ, ಯಾದಗಿರಿ, ರಾಯಚೂರು, ವಿಜಯಪುರದ ಪ್ರಕರಣಗಳೂ ಅಲ್ಲಿಗೇ ಬರುತ್ತವೆ. ತಂದೆಯವರು ಹೇಳುವ ದಾರಿಯೂ ಮುಚ್ಚುವುದಿಲ್ಲ. ಪಿಎಸ್‌ಐ ಪರೀಕ್ಷೆಗೆ ನಿಮ್ಮ ಬಿ.ಎ. ಸಾಕು. ಮುಂದೆ ಎಲ್‌ಎಲ್‌ಬಿ ಆದರೆ, ಕೆಲವು ವರ್ಷ ವಕೀಲಿಕೆ ಮಾಡಿ ಸಹಾಯಕ ಸರ್ಕಾರಿ ಅಭಿಯೋಜಕಿಯ ಹುದ್ದೆಗೂ ಹೋಗಬಹುದು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಕೊಡುವ ಮೀಸಲಾತಿಯ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಈ ಭಾಗದ ವಿಶ್ವವಿದ್ಯಾಲಯದ ಪ್ರವೇಶಕ್ಕೂ ಮುಂದಿನ ಸರ್ಕಾರಿ ಹುದ್ದೆಗೂ ಅದು ಬೇಕು, ಪ್ರವೇಶದ ಗಡಿಬಿಡಿಯಲ್ಲಿ ಓಡಾಡಿದರೆ ಸಿಗುವುದಿಲ್ಲ.

ಪ್ರವೇಶಕ್ಕೆ ಇನ್ನೂ ಸಮಯ ಇದ್ದರೆ, ಅಷ್ಟರೊಳಗೆ ಒಂದು ಸೋಮವಾರ ಶಹಾಪುರದ ಕೋರ್ಟಿಗೆ ಹೋಗಿ ಬನ್ನಿ, ತಂದೆಯವರನ್ನೂ ಕರೆದುಕೊಂಡು. ಹನ್ನೊಂದಕ್ಕೆ ಮೊದಲು ಹೋದರೆ ಗೋಡೆಗೆ ಹಚ್ಚಿದ ಆ ದಿನದ ಪ್ರಕರಣಗಳ ಪಟ್ಟಿ ನೋಡಬಹುದು. ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯಬೇಕೆಂಬುದು ಕಾನೂನು, ಗೋಪ್ಯ ವಿಚಾರಣೆಯ ಪ್ರಕರಣ ಬಿಟ್ಟರೆ ಯಾರು ಬೇಕಾದರೂ ಕೂರಬಹುದು. ಮೊಬೈಲ್ ಬಂದ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತು, ಪಟ್ಟಿಯಲ್ಲಿ 'ಸಾಕ್ಷಿ' ಎಂದಿರುವ ಪ್ರಕರಣವೊಂದನ್ನು ಪೂರ್ತಿ ಕೇಳಿ. ಏನು ಅರ್ಥವಾಯಿತು, ಏನು ಆಗಲಿಲ್ಲ ಎಂದು ಎರಡು ಪುಟ ಬರೆದು ನನಗೆ ಕಳಿಸಿ. ಅರ್ಥವಾಗದ್ದರ ಪಟ್ಟಿ ನೋಡಿದರೆ, ಮೊದಲ ವರ್ಷ ನೀವು ಯಾವ ಪುಸ್ತಕ ಹಿಡಿಯಬೇಕೆಂದು ಹೇಳುತ್ತೇನೆ.